ದ್ರಾಜೆನ್ ಪೆಟ್ರೊವಿಚ್

ಯುರೋಪು ಖಂಡದ ದಕ್ಷಿಣ ಭಾಗದಲ್ಲಿ, ಇಟಲಿ ದೇಶಕ್ಕೆ ಎದುರಾದ ದಡದಲ್ಲಿ, ಏಡ್ರಿಯಾಟಿಕ್ ಸಮುದ್ರಕ್ಕೆ ಮುಖಮಾಡಿಕೊಂಡು ಶಿಬೆನಿಕ್ ಎಂಬ ಹಳೆಯ ಪಟ್ಟಣವಿದೆ. ಬೆಟ್ಟಗಳ ನಡುವೆ ಹರಿದು ಬರುವ ಕ್ರ್ಕಾ ನದಿ ಅಲ್ಲಿ ಕಡಲನ್ನು ಸೇರುತ್ತದೆ. ಬರಿಯ ಕಲ್ಲಿನಿಂದಲೇ ಕಟ್ಟಿದ ಸಂತ ಜೇಮ್ಸನ ದೇವಾಲಯ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಓಣಿಗಳು, ಬಂದರಿನಲ್ಲಿ ನಿಂತ ದೋಣಿಗಳು, ಇವು ಆ ಊರಿನ ಸೊಬಗು. ೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ ಆ ಊರಿನ ಬಾಲ್ದೆಕಿನ್ ಎಂಬ ಬಡಾವಣೆಯ ಕ್ರೀಡಾಭವನದಿಂದ ಬೆಳಗಿನ ಹೊತ್ತು, ಊರು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ, ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳಿಬರುತ್ತಿತ್ತು. ಒಳಗೆ ಇರುತ್ತಿದ್ದವನು ಒಬ್ಬನೇ ಹುಡುಗ. ನೋಡುವವರಿಲ್ಲ, ಎದುರಾಳಿಯಿಲ್ಲ, ಶಿಳ್ಳೆ ಊದುವ ತೀರ್ಪುಗಾರನಿಲ್ಲ. ಅವನು ಚೆಂಡನ್ನು ಬುಟ್ಟಿಗೆ ಎಸೆಯುವುದು, ಉರುಳಿ ಹೋದ ಚೆಂಡನ್ನು ತಾನೇ ಓಡಿ ತರುವುದು, ಮತ್ತೆ ಎಸೆಯುವುದು. ಹೀಗೆ ಪ್ರತಿದಿನ ಐದುನೂರು ಎಸೆತಗಳನ್ನು ಮುಗಿಸಿ ಅವನು ಶಾಲೆಗೆ ಹೋಗುತ್ತಿದ್ದನೆಂದು ಆ ಊರಿನವರು ಇಂದಿಗೂ ಹೇಳುತ್ತಾರೆ. ಕ್ರೀಡಾಭವನದ ಬೀಗದ ಕೈ ಅವನ ಬಳಿಯೇ ಇತ್ತೆಂದೂ ಹೇಳುವುದುಂಟು. ಆ ಹುಡುಗನೇ ದ್ರಾಜೆನ್ ಪೆಟ್ರೊವಿಚ್.

ದ್ರಾಜೆನ್ ಹುಟ್ಟಿದ್ದು ೧೯೬೪ನೆಯ ಇಸವಿ ಅಕ್ಟೋಬರ್ ೨೨ರಂದು. ತಂದೆ ಯೊವಾನ್ ಪೊಲೀಸ್ ಇಲಾಖೆಯ ನೌಕರ. ತಾಯಿ ಬಿಸೆರ್ಕಾ ಊರಿನ ಗ್ರಂಥಾಲಯದಲ್ಲಿ ಕೆಲಸಮಾಡುತ್ತಿದ್ದಳು. ತಂದೆ ಸರ್ಬ್ ಜನಾಂಗದವನು, ತಾಯಿ ಕ್ರೊಯೇಷಿಯದವಳು. ಆ ಕಾಲದಲ್ಲಿ ಇದೊಂದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ. ಸರ್ಬಿಯ, ಕ್ರೊಯೇಷಿಯ, ಸ್ಲೊವೇನಿಯ, ಬೋಸ್ನಿಯ, ಮ್ಯಾಸಿಡೋನಿಯ, ಮಾಂಟೆನೆಗ್ರೊ ಎಂಬ ಆರು ಗಣರಾಜ್ಯಗಳು ಕೂಡಿ ಯುಗೊಸ್ಲಾವಿಯ ಎಂಬ ಒಂದೇ ದೇಶವಾಗಿದ್ದವು. ಒಂದೇ ಶಾಲೆ, ಒಂದೇ ಸೈನ್ಯ, ಒಂದೇ ಬಾವುಟ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಂಗ ಬರುತ್ತದೆ.

ಮನೆಯಲ್ಲಿ ದ್ರಾಜೆನನಿಗಿಂತ ದೊಡ್ಡವನಾದ ಅಲೆಕ್ಸಾಂದರ್ ಎಂಬ ಅಣ್ಣನಿದ್ದನು. ಅವನು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ನಿಪುಣ. ಅಣ್ಣ ಹೋದಲ್ಲಿಗೆಲ್ಲ ತಮ್ಮ ಹಿಂಬಾಲಿಸುವುದು ಎಲ್ಲ ಮನೆಗಳಲ್ಲಿಯೂ ಇದ್ದದ್ದೇ. ಅಣ್ಣನ ಹಿಂದೆ ಹೋಗಿ ಅಂಕಣದ ಅಂಚಿನಲ್ಲಿ ಕುಳಿತ ತಮ್ಮ ಕೆಲವೇ ವರ್ಷಗಳಲ್ಲಿ ಅಣ್ಣನನ್ನು ಮೀರಿಸುವವನಾದನು.

ಬ್ಯಾಸ್ಕೆಟ್‌ಬಾಲ್ ನೋಡುವುದಕ್ಕೆ ಸುಲಭವಾದ ಆಟ. ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ತೂಗುಹಾಕಿಸಿ ಇದನ್ನು ಕಂಡುಹಿಡಿದನು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ ಅದರ ಎತ್ತರ ಅಂದಿನಿಂದ ಇಂದಿನವರೆಗೆ ನೆಲದಿಂದ ಹತ್ತು ಅಡಿಯೇ. ಅಷ್ಟು ಎತ್ತರದ ಬಳೆಯೊಳಗೆ, ಓಡುತ್ತ, ಜಿಗಿಯುತ್ತ, ಮೈಮೇಲೆ ಬೀಳುವ ಎದುರಾಳಿಗಳಿಂದ ತಪ್ಪಿಸಿಕೊಳ್ಳುತ್ತ ಚೆಂಡನ್ನು ಹಾಕಬೇಕು. ಎತ್ತರದವರಿಗೆ ಇದರಲ್ಲಿ ಅನುಕೂಲ ಹೆಚ್ಚು. ದ್ರಾಜೆನ್ ಬೆಳೆದು ಆರೂವರೆ ಅಡಿಗೆ ಹತ್ತಿರದವನಾದರೂ ಈ ಆಟದಲ್ಲಿ ಅದು ಸಾಧಾರಣವಾದ ಎತ್ತರ. ಅವನಿಗಿಂತ ಎತ್ತರಕ್ಕೆ ಹಾರುವವರು, ವೇಗವಾಗಿ ಓಡುವವರು ಎಲ್ಲ ಕಾಲದಲ್ಲಿಯೂ ಇದ್ದರು. ಇದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಆದುದರಿಂದಲೇ ಮುಂಜಾನೆಯ ಆ ಐದುನೂರು ಎಸೆತಗಳು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನು ನಾನು. ಸಂಜೆಯ ಗಂಟೆ ಹೊಡೆದ ಮೇಲೂ ಮೈದಾನದಲ್ಲಿ ಉಳಿಯುವ ಹುಡುಗರನ್ನು ಕಂಡಿದ್ದೇನೆ. ಗೆಳೆಯರಿರುವವರೆಗೆ ಆಡುತ್ತಾರೆ, ಗೆಳೆಯರು ಹೊರಟರೆ ತಾವೂ ಹೊರಡುತ್ತಾರೆ. ಎಲ್ಲರೂ ಹೋದ ಮೇಲೆ ಒಬ್ಬನೇ ಉಳಿದು ಒಂದೇ ಎಸೆತವನ್ನು ನೂರು ಸಲ ಎಸೆಯುವ ಹುಡುಗನನ್ನು ನಾನು ಕಂಡದ್ದು ಬಹಳ ಕಡಮೆ.

ಹದಿನೈದನೆಯ ವಯಸ್ಸಿಗೆ ದ್ರಾಜೆನ್ ತನ್ನ ಊರಿನ ಶಿಬೆಂಕಾ ಎಂಬ ತಂಡದಲ್ಲಿ ದೊಡ್ಡವರ ಜೊತೆಗೆ ಆಡತೊಡಗಿದನು. ಶಿಬೆನಿಕ್ ಚಿಕ್ಕ ಊರು. ಬೆಲ್‌ಗ್ರೇಡ್, ಜಾಗ್ರೆಬ್, ಸರಯೇವೊಗಳಂಥ ದೊಡ್ಡ ನಗರಗಳ ಹೆಸರಾಂತ ತಂಡಗಳ ಮುಂದೆ ಅದರ ತಂಡವನ್ನು ಕೇಳುವವರಿರಲಿಲ್ಲ. ಹುಡುಗ ಬಂದ ಮೇಲೆ ಕೇಳುವಂತಾಯಿತು. ಕೊರಾಚ್ ಕಪ್ ಎಂಬ ಯುರೋಪಿನ ಪಂದ್ಯಾವಳಿಯಲ್ಲಿ ಶಿಬೆಂಕಾ ೧೯೮೨ ಮತ್ತು ೧೯೮೩ರಲ್ಲಿ ಎರಡು ಸಲ ಅಂತಿಮ ಪಂದ್ಯವನ್ನು ತಲುಪಿತು. ಎರಡು ಸಲವೂ ಫ್ರಾನ್ಸಿನ ಲಿಮೋಜ್ ತಂಡಕ್ಕೆ ಸೋತಿತು.

೧೯೮೩ರ ಏಪ್ರಿಲ್ ೯ರ ರಾತ್ರಿಯನ್ನು ಶಿಬೆನಿಕ್‌ನ ಜನ ಇಂದಿಗೂ ಮರೆತಿಲ್ಲ. ಯುಗೊಸ್ಲಾವಿಯದ ರಾಷ್ಟ್ರೀಯ ಪ್ರಶಸ್ತಿಗಾಗಿ ಸರಯೇವೊ ನಗರದ ಬೋಸ್ನಾ ತಂಡಕ್ಕೂ ಶಿಬೆಂಕಾಕ್ಕೂ ಅಂತಿಮ ಪಂದ್ಯ ಅದೇ ಬಾಲ್ದೆಕಿನ್ ಭವನದಲ್ಲಿ ನಡೆಯುತ್ತಿತ್ತು. ಕಾಲಿಡಲು ಸ್ಥಳವಿಲ್ಲದಷ್ಟು ಜನ. ಬೋಸ್ನಾ ೮೨, ಶಿಬೆಂಕಾ ೮೧. ಗಡಿಯಾರದ ಕಾಲ ಮುಗಿಯಿತು. ಬೋಸ್ನಾದ ಆಟಗಾರರು ಗೆದ್ದೆವೆಂದು ಕುಣಿಯತೊಡಗಿದರು. ಅಷ್ಟರಲ್ಲಿ ತೀರ್ಪುಗಾರನು, ಕೊನೆಯ ಕ್ಷಣದಲ್ಲಿ ದ್ರಾಜೆನನನ್ನು ಎದುರಾಳಿ ತಳ್ಳಿದನೆಂದು ಸಾರಿ, ಅವನಿಗೆ ಎರಡು ಫ್ರೀ ಥ್ರೋಗಳನ್ನು ಕೊಟ್ಟನು. ಫ್ರೀ ಥ್ರೋ ಎಂದರೆ ಯಾರ ಅಡ್ಡಿಯೂ ಇಲ್ಲದೆ, ಬುಟ್ಟಿಗೆ ಹದಿನೈದು ಅಡಿ ದೂರದ ಗೆರೆಯ ಹಿಂದೆ ನಿಂತು ಎಸೆಯುವ ಎಸೆತ. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಗೆಲುವು. ಗೆರೆಯ ಹಿಂದೆ ನಿಂತವನು ಹದಿನೆಂಟು ವರ್ಷದ ಹುಡುಗ. ಎಷ್ಟೋ ವರ್ಷಗಳಿಂದ ಅದೇ ಗೆರೆಯ ಹಿಂದೆ, ಅದೇ ಬಳೆಯ ಕೆಳಗೆ, ಒಬ್ಬನೇ ನಿಂತು ಎಸೆದ ಎಸೆತ ಅದು. ಮೊದಲನೆಯದು ಬಿತ್ತು. ಎರಡನೆಯದೂ ಬಿತ್ತು. ಆ ರಾತ್ರಿ ಅವನೊಬ್ಬನೇ ಗಳಿಸಿದ ಅಂಕಗಳು ೪೦. ಪ್ರಶಸ್ತಿಯ ಬಟ್ಟಲು ಕೈಗೆ ಬಂದಿತು. ಊರಿಗೆ ಊರೇ ಬೀದಿಗೆ ಇಳಿದು ಬೆಳಗಿನವರೆಗೆ ಹಬ್ಬ ಆಚರಿಸಿತು.

ಮರುದಿನವೇ ರಾಷ್ಟ್ರೀಯ ಒಕ್ಕೂಟವು, ತೀರ್ಪುಗಾರಿಕೆಯಲ್ಲಿ ದೋಷವಿತ್ತೆಂದು ಹೇಳಿ ಪಂದ್ಯವನ್ನು ರದ್ದುಗೊಳಿಸಿತು. ಎರಡು ತಂಡಗಳಿಗೂ ಸೇರದ ನೋವಿ ಸಾದ್ ಎಂಬ ಊರಿನಲ್ಲಿ ಮತ್ತೆ ಆಡಬೇಕೆಂದು ಆಜ್ಞೆಯಾಯಿತು. ಶಿಬೆಂಕಾ ಹೋಗಲೊಪ್ಪಲಿಲ್ಲ. ಪ್ರಶಸ್ತಿ ಬೋಸ್ನಾದ ಪಾಲಾಯಿತು. ಆ ಶಿಳ್ಳೆ ಸರಿಯೋ ತಪ್ಪೋ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ನಾವು ಅದನ್ನು ತೀರ್ಮಾನಿಸಲಾರೆವು. ಹುಡುಗ ಎಸೆದ ಎರಡು ಎಸೆತಗಳಲ್ಲಂತೂ ದೋಷವಿರಲಿಲ್ಲ.

ಅನಂತರ ಒಂದು ವರ್ಷ ಕಡ್ಡಾಯದ ಸೈನ್ಯ ಸೇವೆ. ಅದನ್ನು ಮುಗಿಸಿಕೊಂಡು ೧೯೮೪ರಲ್ಲಿ ಅವನು ಕ್ರೊಯೇಷಿಯದ ರಾಜಧಾನಿಯಾದ ಜಾಗ್ರೆಬ್‌ಗೆ ಬಂದು, ಅಣ್ಣ ಅಲೆಕ್ಸಾಂದರ್ ಆಡುತ್ತಿದ್ದ ಸಿಬೋನಾ ತಂಡವನ್ನು ಸೇರಿದನು. ಯುರೋಪಿನ ಎಲ್ಲ ದೇಶಗಳ ವಿಜಯಿ ತಂಡಗಳು ಸೆಣಸುವ ಚಾಂಪಿಯನ್ಸ್ ಕಪ್ಪನ್ನು ಸಿಬೋನಾ ೧೯೮೫ರಲ್ಲಿ ಗೆದ್ದುಕೊಂಡಿತು. ಅಥೆನ್ಸ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವನ್ನು ೮೭–೭೮ರಿಂದ ಸೋಲಿಸಿದಾಗ ದ್ರಾಜೆನ್ ೩೬ ಅಂಕಗಳನ್ನು ಗಳಿಸಿದ್ದನು. ಮರುವರ್ಷ ಬುಡಾಪೆಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜಾಲ್ಗಿರಿಸ್ ತಂಡವನ್ನು ಸೋಲಿಸಿ ಸಿಬೋನಾ ಅದೇ ಕಪ್ಪನ್ನು ಉಳಿಸಿಕೊಂಡಿತು.

ಅವನನ್ನು ಕುರಿತು ಬರೆಯುವವರೆಲ್ಲರೂ ೧೯೮೫ರ ಅಕ್ಟೋಬರ್‌ನಲ್ಲಿ ಅವನು ಒಂದೇ ಪಂದ್ಯದಲ್ಲಿ ೧೧೨ ಅಂಕ ಗಳಿಸಿದ ಸಂಗತಿಯನ್ನು ತಪ್ಪದೆ ಹೇಳುತ್ತಾರೆ. ಅಂಕಿ ದೊಡ್ಡದು, ಆದರೆ ಅಂದು ಎದುರು ತಂಡವಾದ ಲ್ಯುಬ್ಲ್ಯಾನಾದ ಒಲಿಂಪಿಯಾ, ಹೆಸರು ನೋಂದಾಯಿಸುವುದರಲ್ಲಿ ಆದ ತೊಡಕಿನಿಂದ ತನ್ನ ದೊಡ್ಡ ಆಟಗಾರರನ್ನು ಇಳಿಸಲಾರದೆ ಎಳೆಯ ಹುಡುಗರನ್ನು ಇಳಿಸಿತ್ತು. ಹಾಗಾಗಿ ಆ ೧೧೨ಕ್ಕಿಂತ ಅಥೆನ್ಸ್‌ನ ೩೬ ದೊಡ್ಡದೆಂದು ನನ್ನ ಎಣಿಕೆ.

ದೋಷವಿಲ್ಲದ ಮನುಷ್ಯನೆಂದು ಅವನನ್ನು ಚಿತ್ರಿಸುವುದು ಸತ್ಯಕ್ಕೆ ದೂರವಾದೀತು. ಆ ವರ್ಷಗಳಲ್ಲಿ ಅಂಕಣದ ಮೇಲೆ ಅವನ ನಡತೆ ಬಹಳ ಮಂದಿಗೆ ಹಿಡಿಸುತ್ತಿರಲಿಲ್ಲ. ಅಂಕ ಬಂದಾಗ ಕೈಗಳನ್ನು ಚಾಚಿ ವಿಮಾನದಂತೆ ಓಡುವುದು, ಸೋಲುತ್ತಿರುವವರನ್ನು ಕೆಣಕುವುದು, ಪ್ರೇಕ್ಷಕರನ್ನು ರೇಗಿಸುವುದು ಇವೆಲ್ಲ ಇದ್ದವು. ಮ್ಯಾಡ್ರಿಡ್‌ನ ಜನರಿಗಂತೂ ಅವನ ಹೆಸರೆತ್ತಿದರೆ ಕೋಪ ಬರುತ್ತಿತ್ತು. ಅಂಕಣದ ಹೊರಗೆ ಅವನು ನಾಚಿಕೆಯ ಸ್ವಭಾವದವನು, ಮಿತಭಾಷಿ ಎಂದು ಬಲ್ಲವರು ಹೇಳುತ್ತಾರೆ. ಚೆಂಡು ಕೈಗೆ ಬಂದಾಗ ಮಾತ್ರ ಬೇರೊಬ್ಬನಾಗುತ್ತಿದ್ದನು.

ಇದೇ ಕಾಲದಲ್ಲಿ ರಾಷ್ಟ್ರೀಯ ತಂಡದಲ್ಲಿ ಅವನಿಗೊಬ್ಬ ಗೆಳೆಯ ದೊರೆತನು. ಸರ್ಬಿಯದ ಪ್ರಿಯೆಪೊಲ್ಯೆ ಎಂಬ ಊರಿನಿಂದ ಬಂದ, ಏಳು ಅಡಿ ಎತ್ತರದ, ಸದಾ ನಗುಮುಖದ ವ್ಲಾದೆ ದಿವಾಟ್ಸ್. ದ್ರಾಜೆನನಿಗಿಂತ ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು ಚಿಕ್ಕವನು. ರಾಷ್ಟ್ರೀಯ ತಂಡ ಎಲ್ಲಿಗೆ ಹೋದರೂ ಇವರಿಬ್ಬರಿಗೂ ಒಂದೇ ಕೋಣೆ. ದ್ರಾಜೆನ್ ಅಭ್ಯಾಸದ ಹುಚ್ಚಿನವನು, ದಿವಾಟ್ಸ್ ಹಾಸ್ಯಪ್ರಿಯ. ಸ್ವಭಾವಗಳು ಬೇರೆಯಾದರೂ ಅಥವಾ ಬೇರೆಯಾದುದರಿಂದಲೇ ಇಬ್ಬರೂ ಅಣ್ಣತಮ್ಮಂದಿರಂತೆ ಆದರು. ೧೯೮೮ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಬೆಳ್ಳಿಯ ಪದಕವನ್ನೂ, ೧೯೮೯ರಲ್ಲಿ ಜಾಗ್ರೆಬ್‌ನಲ್ಲಿಯೇ ನಡೆದ ಯುರೋಪಿನ ಪಂದ್ಯಾವಳಿಯಲ್ಲಿ ಚಿನ್ನದ ಪದಕವನ್ನೂ ಪಡೆಯಿತು.

ಅಷ್ಟರಲ್ಲಿ ದ್ರಾಜೆನ್ ದೇಶವನ್ನು ಬಿಟ್ಟಾಗಿತ್ತು. ೧೯೮೮ರಲ್ಲಿ ಅವನನ್ನು ಕರೆದುಕೊಂಡ ತಂಡ ಯಾವುದೆಂದರೆ, ಯಾರ ಅಭಿಮಾನಿಗಳು ಅವನನ್ನು ಅತಿಯಾಗಿ ದ್ವೇಷಿಸುತ್ತಿದ್ದರೋ ಆ ರಿಯಲ್ ಮ್ಯಾಡ್ರಿಡ್ ತಂಡವೇ! ಅಲ್ಲಿ ಅವನು ಇದ್ದದ್ದು ಒಂದೇ ವರ್ಷ. ಸ್ಪೇನಿನ ಲೀಗ್ ಪ್ರಶಸ್ತಿ ಬಾರ್ಸಿಲೋನಾ ತಂಡದ ಪಾಲಾದರೂ, ೧೯೮೯ರ ಮಾರ್ಚ್‌ನಲ್ಲಿ ಅಥೆನ್ಸ್‌ನಲ್ಲಿ ನಡೆದ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯ ಅಂತಿಮ ಪಂದ್ಯ ಅವನ ಹೆಸರಿನೊಂದಿಗೆ ಉಳಿದುಕೊಂಡಿತು. ಇಟಲಿಯ ಕಸೆರ್ಟಾ ತಂಡದ ಪರವಾಗಿ ಬ್ರೆಜಿಲ್ ದೇಶದ ಆಸ್ಕರ್ ಷ್ಮಿಟ್ ಎಂಬ ಮಹಾ ಆಟಗಾರನು ೪೪ ಅಂಕ ಗಳಿಸಿದನು. ದ್ರಾಜೆನ್ ೬೨ ಅಂಕ ಗಳಿಸಿದನು. ನಿಗದಿತ ಕಾಲ ಸಾಲದೆ ಹೆಚ್ಚಿನ ಕಾಲಕ್ಕೆ ಮುಂದುವರಿದ ಆ ಪಂದ್ಯವನ್ನು ಮ್ಯಾಡ್ರಿಡ್ ೧೧೭–೧೧೩ರಿಂದ ಗೆದ್ದಿತು.

ಯುರೋಪಿನಲ್ಲಿ ಗೆಲ್ಲಬೇಕಾದದ್ದನ್ನು ಅವನು ಬಹುಮಟ್ಟಿಗೆ ಗೆದ್ದಿದ್ದನು. ಉಳಿದದ್ದು ಅಮೆರಿಕ. ಅಲ್ಲಿನ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಆಡುವುದೆಂದರೆ ಈ ಆಟದ ಶಿಖರವನ್ನು ಮುಟ್ಟಿದಂತೆ. ಇಂದು ಯುರೋಪಿನ ಆಟಗಾರರು ಅಲ್ಲಿ ಹತ್ತಾರು ಮಂದಿ ಇದ್ದಾರೆ. ಅಂದು ಪರಿಸ್ಥಿತಿ ಹಾಗಿರಲಿಲ್ಲ. ಯುರೋಪಿನವರು ಮೈಯಲ್ಲಿ ಮೃದು, ಓಟದಲ್ಲಿ ನಿಧಾನ, ಎದುರಾಳಿಯನ್ನು ತಡೆಯಲು ಬಾರದವರು ಎಂಬ ಭಾವನೆ ಅಮೆರಿಕದವರಲ್ಲಿ ಬಲವಾಗಿತ್ತು. ಪೋರ್ಟ್‌ಲ್ಯಾಂಡ್ ಎಂಬ ತಂಡ ೧೯೮೬ರಲ್ಲಿಯೇ ದ್ರಾಜೆನನನ್ನು ಆರಿಸಿಕೊಂಡಿದ್ದರೂ, ಆ ಆಯ್ಕೆಯ ಪಟ್ಟಿಯಲ್ಲಿ ಅವನ ಸ್ಥಾನ ಅರವತ್ತನೆಯದು. ೧೯೮೯ರಲ್ಲಿ ಮ್ಯಾಡ್ರಿಡ್‌ನವರಿಗೆ ಹಣ ತೆತ್ತು ಪೋರ್ಟ್‌ಲ್ಯಾಂಡ್ ಅವನನ್ನು ಬಿಡಿಸಿಕೊಂಡಿತು. ಅದೇ ವರ್ಷ ದಿವಾಟ್ಸ್ ಲಾಸ್ ಏಂಜಲ್ಸ್ ನಗರದ ಲೇಕರ್ಸ್ ತಂಡವನ್ನು ಸೇರಿದನು. ಇಬ್ಬರು ಗೆಳೆಯರೂ ಹೀಗೆ ಒಂದೇ ಸಲಕ್ಕೆ ಸಾಗರವನ್ನು ದಾಟಿದರು.

ಪೋರ್ಟ್‌ಲ್ಯಾಂಡಿನಲ್ಲಿ ಅವನಿಗೆ ದೊರೆತದ್ದು ಬೆಂಚು. ಅವನು ಆಡುವ ಸ್ಥಾನದಲ್ಲಿ ಕ್ಲೈಡ್ ಡ್ರೆಕ್ಸ್ಲರ್, ಟೆರಿ ಪೋರ್ಟರ್ ಎಂಬ ಹೆಸರಾಂತ ಆಟಗಾರರು ಆಗಲೇ ನೆಲೆಯೂರಿದ್ದರು. ಪಂದ್ಯ ನಡೆಯುವುದು ೪೮ ನಿಮಿಷ. ಮೊದಲ ವರ್ಷ ದ್ರಾಜೆನನಿಗೆ ಸಿಕ್ಕಿದ್ದು ಪಂದ್ಯಕ್ಕೆ ಸರಾಸರಿ ಹದಿಮೂರು ನಿಮಿಷವೂ ಇಲ್ಲ. ೧೯೯೦ರಲ್ಲಿ ಪೋರ್ಟ್‌ಲ್ಯಾಂಡ್ ಎನ್‌ಬಿಎಯ ಅಂತಿಮ ಸರಣಿಯನ್ನು ತಲುಪಿ ಡೆಟ್ರಾಯಿಟ್ ತಂಡಕ್ಕೆ ಸೋತಾಗಲೂ ಅವನ ಪಾತ್ರ ಚಿಕ್ಕದೇ. ಎರಡನೆಯ ವರ್ಷ ಇನ್ನೂ ಕಷ್ಟ. ಎಷ್ಟೋ ಪಂದ್ಯಗಳಲ್ಲಿ ಅವನನ್ನು ಒಂದು ನಿಮಿಷಕ್ಕೂ ಅಂಕಣಕ್ಕೆ ಇಳಿಸಲಿಲ್ಲ. ಒಂದೇ ಪಂದ್ಯದಲ್ಲಿ ೬೨ ಅಂಕ ಗಳಿಸಿದವನು, ದೇಶಕ್ಕೆ ದೇಶವೇ ಯಾರ ಹೆಸರನ್ನು ಕೂಗುತ್ತಿತ್ತೋ ಅವನು, ಆಟದ ಉಡುಪನ್ನು ತೊಟ್ಟು ಕುಳಿತು ಬೆವರದೆ ಮನೆಗೆ ಹೋಗುತ್ತಿದ್ದನು.

ಅವಮಾನ ಎಂಬುದು ಹೊಡೆತದಿಂದಲೇ ಆಗಬೇಕೆಂದಿಲ್ಲ, ಬಾಗಿಲ ಬಳಿ ಕಾಯಿಸುವುದರಿಂದಲೂ ಆಗುತ್ತದೆ. ಆ ದಿನಗಳಲ್ಲಿ ಅವನಿಗೆ ಆಸರೆಯಾಗಿದ್ದುದು ದೂರವಾಣಿ. ಪೋರ್ಟ್‌ಲ್ಯಾಂಡಿನಿಂದ ಲಾಸ್ ಏಂಜಲ್ಸ್‌ಗೆ, ಲಾಸ್ ಏಂಜಲ್ಸ್‌ನಿಂದ ಪೋರ್ಟ್‌ಲ್ಯಾಂಡಿಗೆ, ತಮ್ಮ ಭಾಷೆಯಲ್ಲಿ ಇಬ್ಬರೂ ಮಾತನಾಡಿಕೊಳ್ಳುತ್ತಿದ್ದರು. ದಿವಾಟ್ಸ್‌ಗೆ ಅಲ್ಲಿ ಆಡಲು ಅವಕಾಶ ಚೆನ್ನಾಗಿಯೇ ದೊರೆಯುತ್ತಿತ್ತು. ಅವನು ಗೆಳೆಯನಿಗೆ ಧೈರ್ಯ ಹೇಳುತ್ತಿದ್ದನು. ಇನ್ನು ದ್ರಾಜೆನ್ ಮಾಡಿದ್ದು ತನಗೆ ಗೊತ್ತಿದ್ದ ಒಂದೇ ಕೆಲಸ. ಉಳಿದವರು ಬರುವ ಮುನ್ನ ಬಂದು, ಉಳಿದವರು ಹೋದ ಮೇಲೆ ಹೋಗುವವನಾಗಿ, ಬರಿದಾದ ಭವನದಲ್ಲಿ ಚೆಂಡನ್ನು ಎಸೆಯುತ್ತಿದ್ದನು. ಶಿಬೆನಿಕ್‌ನಿಂದ ಅವನು ಹೊತ್ತುತಂದ ಸಾಮಾನಿನಲ್ಲಿ ಎಲ್ಲ ಊರಿನಲ್ಲಿಯೂ ನಡೆಯುವಂಥದು ಇದೊಂದೇ ಆಗಿತ್ತು.

ಈ ಎರಡು ವರ್ಷಗಳ ನಡುವೆ, ೧೯೯೦ರ ಆಗಸ್ಟ್‌ನಲ್ಲಿ, ಅರ್ಜೆಂಟೀನ ದೇಶದಲ್ಲಿ ವಿಶ್ವ ಪಂದ್ಯಾವಳಿ ನಡೆಯಿತು. ದ್ರಾಜೆನ್, ದಿವಾಟ್ಸ್ ಇಬ್ಬರೂ ಇದ್ದ ಯುಗೊಸ್ಲಾವಿಯ ತಂಡ ಬ್ಯೂನಸ್ ಐರಿಸ್ ನಗರದ ಅಂತಿಮ ಪಂದ್ಯದಲ್ಲಿ ಸೋವಿಯತ್ ಒಕ್ಕೂಟವನ್ನು ೯೨–೭೫ರಿಂದ ಸೋಲಿಸಿ ವಿಶ್ವವಿಜೇತನಾಯಿತು. ಆಟಗಾರರು ಅಂಕಣದ ನಡುವೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿಯುತ್ತಿರುವಾಗ ಪ್ರೇಕ್ಷಕರ ಕಡೆಯಿಂದ ಒಬ್ಬನು ಕ್ರೊಯೇಷಿಯದ ಬಾವುಟವನ್ನು ಹಿಡಿದು ಒಳಕ್ಕೆ ನುಗ್ಗಿದನು. ಆ ಹೊತ್ತಿಗೆ ಯುಗೊಸ್ಲಾವಿಯದ ಗಣರಾಜ್ಯಗಳು ಒಂದರಿಂದೊಂದು ಬೇರೆಯಾಗಬೇಕೆಂದು ಹೊರಟಿದ್ದವು. ಬಾವುಟವೆಂದರೆ ಬರಿಯ ಬಟ್ಟೆಯಾಗಿರಲಿಲ್ಲ. ದಿವಾಟ್ಸ್ ಅವನ ಕೈಯಿಂದ ಬಾವುಟವನ್ನು ಕಸಿದುಕೊಂಡನು. ಗೆಲುವು ಯುಗೊಸ್ಲಾವಿಯದ್ದು, ಇಡೀ ತಂಡದ್ದು. ಸರ್ಬಿಯದ ಬಾವುಟವನ್ನು ತಂದಿದ್ದರೂ ತಾನು ಹಾಗೆಯೇ ಮಾಡುತ್ತಿದ್ದೆನೆಂದು ಅವನು ಮುಂದೆ ಹೇಳಿದನು. ಕ್ಷಣಮಾತ್ರದ ಕೆಲಸ. ಆದರೆ ಆ ಕ್ಷಣವನ್ನು ಸರ್ಬಿಯದ ಜನ ಒಂದು ರೀತಿಯಲ್ಲಿ ಕಂಡರು, ಕ್ರೊಯೇಷಿಯದ ಜನ ಇನ್ನೊಂದು ರೀತಿಯಲ್ಲಿ ಕಂಡರು. ಒಂದು ಕಡೆ ದಿವಾಟ್ಸ್ ವೀರನಾದನು, ಇನ್ನೊಂದು ಕಡೆ ದ್ರೋಹಿಯಾದನು. ದ್ರಾಜೆನ್ ಕ್ರೊಯೇಷಿಯದವನು. ದೂರವಾಣಿಯ ಮಾತು ಕಡಮೆಯಾಯಿತು. ಆಮೇಲೆ ನಿಂತೇ ಹೋಯಿತು.

೧೯೯೧ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್ ಅವನನ್ನು ನ್ಯೂಜೆರ್ಸಿ ನೆಟ್ಸ್ ಎಂಬ ತಂಡಕ್ಕೆ ಬಿಟ್ಟುಕೊಟ್ಟಿತು. ನ್ಯೂಯಾರ್ಕ್ ನಗರದ ಮಗ್ಗುಲಲ್ಲಿದ್ದ ಆ ತಂಡ ಬಹುಕಾಲದಿಂದ ಸೋಲುತ್ತಿದ್ದ ದುರ್ಬಲ ತಂಡ. ದ್ರಾಜೆನನಿಗೆ ಬೇಕಾಗಿದ್ದುದು ಅಂಕಣವೇ ಹೊರತು ತಂಡದ ಕೀರ್ತಿಯಲ್ಲ. ಆ ಬೇಸಿಗೆಯಲ್ಲಿ ಅವನು ಮೈಯನ್ನು ದಂಡಿಸಿ ಬಲಪಡಿಸಿಕೊಂಡನು. ೧೯೯೧–೯೨ರ ಸಾಲಿನಲ್ಲಿ ಲೀಗಿನ ೮೨ ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಆಡಿ, ಪಂದ್ಯಕ್ಕೆ ಸರಾಸರಿ ೨೦.೬ ಅಂಕ ಗಳಿಸಿದನು. ಬುಟ್ಟಿಯಿಂದ ೨೩ ಅಡಿಗೂ ಮಿಕ್ಕ ದೂರದಿಂದ ಎಸೆದು ಮೂರು ಅಂಕ ಪಡೆಯುವ ಎಸೆತಗಳಲ್ಲಿ ನೂರಕ್ಕೆ ನಲವತ್ತನಾಲ್ಕು ಬುಟ್ಟಿಗೆ ಬೀಳುತ್ತಿದ್ದವು. ಇಂದಿಗೂ ಅದನ್ನು ಮೀರುವವರು ಕೆಲವರೇ. ನೆಟ್ಸ್ ತಂಡ ೧೯೮೬ರ ಅನಂತರ ಮೊದಲ ಬಾರಿಗೆ ಲೀಗಿನ ಕೊನೆಯ ಸುತ್ತುಗಳಿಗೆ ಅರ್ಹತೆ ಪಡೆಯಿತು. ಹೆಸರಾಂತ ಅಮೆರಿಕದ ಆಟಗಾರರು ಅವನನ್ನು ತಡೆಯಲು ಬೆವರು ಸುರಿಸತೊಡಗಿದರು. ಮೃದುವಾದ ಯುರೋಪಿನವನು ಎಂಬ ಮಾತನ್ನು ಅವನ ಎದುರು ಆಡಿ ನೋಡಿದವರು ಯಾರೂ ಮತ್ತೆ ಹೇಳಲಿಲ್ಲ.

ಇತ್ತ ಅವನು ಗೆಲ್ಲುತ್ತಿರುವಾಗ ಅತ್ತ ಅವನು ಹುಟ್ಟಿದ ದೇಶವೇ ಒಡೆದುಹೋಗುತ್ತಿತ್ತು. ೧೯೯೧ರ ಜೂನ್‌ನಲ್ಲಿ ಕ್ರೊಯೇಷಿಯ ಸ್ವಾತಂತ್ರ್ಯವನ್ನು ಸಾರಿತು. ಯುದ್ಧ ಪ್ರಾರಂಭವಾಯಿತು. ಸೆಪ್ಟೆಂಬರ್‌ನಲ್ಲಿ ಶಿಬೆನಿಕ್ ಪಟ್ಟಣದ ಮೇಲೆಯೇ ಗುಂಡುಗಳ ಮಳೆ ಸುರಿಯಿತು. ನಾವು ಮೊದಲು ಹೇಳಿದ ಆ ಕಲ್ಲಿನ ದೇವಾಲಯದ ಗುಮ್ಮಟಕ್ಕೂ ಪೆಟ್ಟು ಬಿದ್ದಿತು. ಯಾರ ತಂದೆ ಸರ್ಬ್, ತಾಯಿ ಕ್ರೊಯೇಷಿಯದವಳೋ ಅಂಥ ಮನೆಗಳು ಅಲ್ಲಿ ಸಾವಿರಾರು ಇದ್ದವು. ಹಿಂದೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಈಗ ಎಲ್ಲರೂ ಕೇಳುವಂತಾಗಿತ್ತು. ದ್ರಾಜೆನ್ ಕ್ರೊಯೇಷಿಯದ ಪರವಾಗಿ ನಿಂತನು. ಲೀಗಿನ ಪಂದ್ಯಗಳಲ್ಲಿ ದಿವಾಟ್ಸ್‌ನೂ ಅವನೂ ಎದುರುಬದುರಾಗಲೇಬೇಕಾಗಿತ್ತು. ಎದುರಾದಾಗಲೆಲ್ಲ ದಿವಾಟ್ಸ್ ಮಾತನಾಡಲು ನೋಡಿದರೂ ದ್ರಾಜೆನ್ ಮುಖ ಕೊಡಲಿಲ್ಲ. ಒಂದೇ ಕೋಣೆಯಲ್ಲಿ ಮಲಗಿ ಎದ್ದವರು ಒಂದೇ ಅಂಕಣದಲ್ಲಿ ಅಪರಿಚಿತರಂತೆ ಆಡಿದರು. ಇಷ್ಟು ಹಟ ಬೇಕಿತ್ತೇ ಎಂದು ದೂರದಲ್ಲಿರುವ ನಮಗೆ ತೋರಬಹುದು. ಊರಿಗೆ ಬೆಂಕಿ ಬಿದ್ದವನ ಮನಸ್ಸನ್ನು ದೂರದಲ್ಲಿ ಕುಳಿತು ಅಳೆಯುವುದು ಸುಲಭವಲ್ಲ.

೧೯೯೨ರ ಒಲಿಂಪಿಕ್ಸ್ ಬಾರ್ಸಿಲೋನಾದಲ್ಲಿ ನಡೆಯಿತು. ಹೊಸದಾಗಿ ಹುಟ್ಟಿದ ಕ್ರೊಯೇಷಿಯ ಮೊದಲ ಸಲ ತನ್ನ ಹೆಸರಿನಲ್ಲಿ ತನ್ನ ತಂಡವನ್ನು ಕಳುಹಿಸಿತು. ಉಪಾಂತ್ಯ ಪಂದ್ಯದಲ್ಲಿ ಹಿಂದಿನ ಸೋವಿಯತ್ ದೇಶಗಳ ಕೂಡುತಂಡವನ್ನು ೭೫–೭೪ರಿಂದ, ಒಂದೇ ಒಂದು ಅಂಕದಿಂದ ಗೆದ್ದು, ದ್ರಾಜೆನನ ತಂಡ ಅಂತಿಮ ಪಂದ್ಯಕ್ಕೆ ಬಂದಿತು. ಎದುರಿಗೆ ಅಮೆರಿಕ: ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಮೊದಲಾದ ಮಹಾರಥರೆಲ್ಲ ಒಟ್ಟುಗೂಡಿದ ತಂಡ. ಗೆಲ್ಲುವುದು ಯಾರೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೂ ಮೊದಲ ಹತ್ತು ನಿಮಿಷದೊಳಗೆ ಕ್ರೊಯೇಷಿಯ ಒಮ್ಮೆ ೨೫–೨೩ರಿಂದ ಮುಂದಿತ್ತು! ಕೊನೆಗೆ ಅಮೆರಿಕ ೧೧೭–೮೫ರಿಂದ ಗೆದ್ದಿತು. ದ್ರಾಜೆನ್ ೨೪ ಅಂಕಗಳನ್ನು ಗಳಿಸಿದನು. ಯುದ್ಧದಲ್ಲಿ ಬೇಯುತ್ತಿದ್ದ ಒಂದು ಪುಟ್ಟ ದೇಶಕ್ಕೆ ಬೆಳ್ಳಿಯ ಪದಕ ಬಂದಿತು.

೧೯೯೨–೯೩ರ ಸಾಲಿನಲ್ಲಿ ಅವನ ಸರಾಸರಿ ೨೨.೩ ಅಂಕಕ್ಕೆ ಏರಿತು. ವರ್ಷದ ಕೊನೆಯಲ್ಲಿ ಲೀಗಿನ ಅತ್ಯುತ್ತಮ ಆಟಗಾರರ ಮೂರು ತಂಡಗಳನ್ನು ಹೆಸರಿಸಿದಾಗ ಮೂರನೆಯದರಲ್ಲಿ ಅವನಿಗೆ ಸ್ಥಾನ ದೊರೆಯಿತು. ಆದರೆ ವರ್ಷದ ನಡುವೆ ನಡೆಯುವ ತಾರಾ ಆಟಗಾರರ ಪಂದ್ಯಕ್ಕೆ ಅವನನ್ನು ಕರೆದಿರಲಿಲ್ಲ. ಅದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ನೆಟ್ಸ್ ತಂಡದೊಡನೆ ಅವನ ಕರಾರು ಮುಗಿಯುತ್ತಿತ್ತು. ಅಮೆರಿಕದಲ್ಲಿಯೇ ಉಳಿಯಬೇಕೆ, ಯುರೋಪಿಗೆ ಮರಳಬೇಕೆ ಎಂದು ಅವನು ಆಲೋಚಿಸುತ್ತಿದ್ದನು.

೧೯೯೩ರ ಜೂನ್ ತಿಂಗಳಲ್ಲಿ ಕ್ರೊಯೇಷಿಯದ ತಂಡ ಯುರೋಪಿನ ಪಂದ್ಯಾವಳಿಯ ಅರ್ಹತಾ ಪಂದ್ಯಗಳನ್ನು ಆಡಲು ಪೋಲೆಂಡಿನ ವ್ರೋತ್ಸ್‌ವಾಫ್ ಎಂಬ ನಗರಕ್ಕೆ ಹೋಗಿತ್ತು. ಸ್ಲೊವೇನಿಯದ ಎದುರು ಅಲ್ಲಿ ಆಡಿದ ಪಂದ್ಯವೇ ಅವನ ಕೊನೆಯ ಪಂದ್ಯ. ಆಟ ಮುಗಿಸಿಕೊಂಡು ತಂಡವು ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಬಂದು, ಅಲ್ಲಿಂದ ವಿಮಾನದಲ್ಲಿ ಜಾಗ್ರೆಬ್‌ಗೆ ಹೊರಡುವುದಿತ್ತು. ದ್ರಾಜೆನ್ ಮಾತ್ರ ವಿಮಾನವನ್ನು ಬಿಟ್ಟು ಪರಿಚಿತರೊಬ್ಬರ ಕಾರಿನಲ್ಲಿ ಹೊರಟನು. ಜೂನ್ ೭ರ ಸಂಜೆ. ಮಳೆ ಸುರಿಯುತ್ತಿತ್ತು. ಬವೇರಿಯ ಪ್ರಾಂತದ ಡೆಂಕೆನ್‌ಡಾರ್ಫ್ ಎಂಬ ಊರಿನ ಬಳಿ ಹೆದ್ದಾರಿಯಲ್ಲಿ ಎದುರಿನಿಂದ ಬರುತ್ತಿದ್ದ ಒಂದು ಲಾರಿ ಹತೋಟಿ ತಪ್ಪಿ, ರಸ್ತೆಯ ನಡುವಿನ ತಡೆಯನ್ನು ಮುರಿದುಕೊಂಡು ಬಂದು ದಾರಿಗೆ ಅಡ್ಡಲಾಗಿ ನಿಂತಿತು. ಕಾರು ಅದಕ್ಕೆ ಅಪ್ಪಳಿಸಿತು. ಚಾಲಕರ ಪಕ್ಕದ ಆಸನದಲ್ಲಿ ದ್ರಾಜೆನ್ ನಿದ್ದೆಹೋಗಿದ್ದನು. ಆಸನದ ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ಕಾರಿನಲ್ಲಿದ್ದ ಉಳಿದಿಬ್ಬರು ಗಾಯಗಳೊಡನೆ ಬದುಕಿಕೊಂಡರು. ಅವನು ಉಳಿಯಲಿಲ್ಲ. ಆಗ ಅವನ ವಯಸ್ಸು ೨೮.

ಜಾಗ್ರೆಬ್‌ನ ಮಿರೊಗೊಯ್ ಸಮಾಧಿಭೂಮಿಯಲ್ಲಿ ಅವನನ್ನು ಮಣ್ಣುಮಾಡಿದರು. ಯುದ್ಧದ ದುಃಖದಲ್ಲಿ ಮುಳುಗಿದ್ದ ಜನ ಆ ದಿನ ಸಾವಿರಾರು ಸಂಖ್ಯೆಯಲ್ಲಿ ಬೀದಿಯಲ್ಲಿ ನಿಂತು ಅತ್ತರು. ಗೆಳೆಯನ ಅಂತ್ಯಕ್ರಿಯೆಗೆ ದಿವಾಟ್ಸ್ ಬರುವಂತಿರಲಿಲ್ಲ; ಸರ್ಬಿಯದವನೊಬ್ಬನು ಜಾಗ್ರೆಬ್‌ನಲ್ಲಿ ಕಾಲಿಡಬಹುದಾದ ಕಾಲ ಅದಲ್ಲ. ನೆಟ್ಸ್ ತಂಡದವರು ಅದೇ ನವೆಂಬರ್‌ನಲ್ಲಿ ಅವನು ತೊಡುತ್ತಿದ್ದ ೩ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿ, ಭವನದ ಮೇಲ್ಛಾವಣಿಗೆ ತೂಗುಹಾಕಿದರು. ಸಿಬೋನಾ ತಂಡದ ಕ್ರೀಡಾಭವನಕ್ಕೆ ಅವನ ಹೆಸರನ್ನಿಟ್ಟರು. ಆಟವನ್ನು ಕಂಡುಹಿಡಿದ ನೈಸ್ಮಿತ್‌ನ ಹೆಸರಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಕೀರ್ತಿಭವನಕ್ಕೆ ೨೦೦೨ರಲ್ಲಿ ಅವನ ಹೆಸರು ಸೇರಿತು. ಜಾಗ್ರೆಬ್‌ನಲ್ಲಿ ೨೦೦೬ರಲ್ಲಿ ಅವನ ನೆನಪಿನ ವಸ್ತುಸಂಗ್ರಹಾಲಯ ತೆರೆಯಿತು. ಒಂದು ಕಾಲಕ್ಕೆ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಜೋಡಿಸಿಡುತ್ತಿದ್ದ ತಾಯಿ ಬಿಸೆರ್ಕಾ, ಮಗನ ಪದಕಗಳನ್ನೂ ಅಂಗಿಗಳನ್ನೂ ಚಿತ್ರಗಳನ್ನೂ ಕಾಪಾಡಿ ಉಳಿಸುವುದಕ್ಕೆ ತನ್ನ ಮುಂದಿನ ದಿನಗಳನ್ನು ಮೀಸಲಿಟ್ಟಳು.

ದಿವಾಟ್ಸ್ ಅಮೆರಿಕದಲ್ಲಿ ಇನ್ನೂ ಹಲವು ವರ್ಷ ಆಡಿ ನಿವೃತ್ತನಾದನು. ಬ್ಯೂನಸ್ ಐರಿಸ್‌ನ ಆ ರಾತ್ರಿ ನಡೆದು ಇಪ್ಪತ್ತು ವರ್ಷಗಳಾದ ಮೇಲೆ, ತಮ್ಮಿಬ್ಬರ ಸ್ನೇಹವನ್ನು ಕುರಿತು ೨೦೧೦ರಲ್ಲಿ ತಯಾರಾದ ಒಂದು ಸಾಕ್ಷ್ಯಚಿತ್ರಕ್ಕಾಗಿ ಅವನು ಜಾಗ್ರೆಬ್ ನಗರಕ್ಕೆ ಬಂದನು. ಬೀದಿಯಲ್ಲಿ ನಡೆಯುವಾಗ ಜನ ಅವನನ್ನು ಗುರುತಿಸಿ ನೋಡುತ್ತಿದ್ದರು. ಕೆಲವರ ನೋಟದಲ್ಲಿ ಹಳೆಯ ಸಿಟ್ಟು ಆರಿರಲಿಲ್ಲ. ದ್ರಾಜೆನನ ತಾಯಿಯನ್ನೂ ಅಣ್ಣನನ್ನೂ ಅವನು ಕಂಡು ಮಾತನಾಡಿದನು. ಮಿರೊಗೊಯ್‌ಗೆ ಹೋಗಿ ಗೆಳೆಯನ ಸಮಾಧಿಯ ಮುಂದೆ ಒಬ್ಬನೇ ನಿಂತನು.